ಕೈ ಕೂಡಿಸುವ ಶನಿವಾರ

ಕರಿಮಡ್ಡಿ, ಶಹಾಪುರ ತಾಲ್ಲೂಕು
1946ನೇ ಇಸವಿ ಏಪ್ರಿಲ್ 16, ಮಂಗಳವಾರ

ಕರ್ತನಲ್ಲಿ ಪ್ರಿಯ ಮಗ ಸಮುವೇಲನಿಗೆ,

ನಿನ್ನ ಅವ್ವ ಮಾನಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟೆನೆಂದುಕೊಂಡು ಬರೆಯುವುದು. ಬೀದರದಲ್ಲಿ ನಿನಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗುತ್ತಿದೆಯೆಂದೂ ಶಾಲೆಯ ಮಕ್ಕಳು ನಿನ್ನ ಮಾತು ಕೇಳುತ್ತಿದ್ದಾರೆಂದೂ ನಂಬಿದ್ದೇನೆ. ನಾನು ಆರೋಗ್ಯವಾಗಿದ್ದೇನೆ. ಬಲಗಡೆಯ ಮೊಣಕಾಲು ಮಾತ್ರ ಹೇಳಿದ್ದು ಕೇಳುವುದಿಲ್ಲ. ವಯಸ್ಸಾದ ಮೇಲೆ ಹೆತ್ತ ಮಕ್ಕಳೇ ಕೇಳುವುದಿಲ್ಲ, ಇನ್ನು ಮೊಣಕಾಲಿನದೇನು.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಹೊಲದಲ್ಲಿ ಹತ್ತಿಕಟ್ಟಿಗೆ ಕಿತ್ತು ಕಿತ್ತು ಅಂಗೈ ಸೀಳಿತ್ತು, ಲೇಖನಿ ಹಿಡಿಯಲಾಗಲಿಲ್ಲ ಎಂದು ಬರೆದರೆ ನೀನು ನಂಬುತ್ತೀಯ. ಅದೂ ನಿಜವೇ. ಆದರೆ ಪೂರಾ ನಿಜ ಬೇರೆ ಇದೆ. ನಿನ್ನ ಪತ್ರ ಓದಿ ನನಗೆ ಸಿಟ್ಟು ಬಂತು. ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದು ದಂಡ ಎಂದು ಇವತ್ತು ಬಾಗಿಲ ಕಟ್ಟೆಯ ಮೇಲೆ ಕೂತಿದ್ದೇನೆ.

ನನ್ನ ಪತ್ರ ಓದಿ ನೀನು ನಗುವುದುಂಟು. 'ಅವ್ವಾ, ಬಾಯಾಗ ಕೇರಿ ಮಾತು ಆಡ್ತಿ, ಕಾಗದದಾಗ ಪಾದ್ರಿ ಹಂಗ ಬರಿತಿ' ಎನ್ನುತ್ತಿದ್ದೆ. ನನಗೆ ಅಕ್ಷರ ಕಲಿಸಿದ ಮಿಷನ್ನಿನ ದೊರಸಾನಿ ವೇದಪುಸ್ತಕ ಒಂದನ್ನು ಬಿಟ್ಟು ಬೇರೇನೂ ಕೈಗೆ ಕೊಡಲಿಲ್ಲ, ನಾನೇನು ಮಾಡಲಿ? ಕಲಿತ ದಾರಿಯಲ್ಲಿಯೇ ಕೈ ನಡೆಯುತ್ತದೆ.

ಮೊದಲು ಊರ ಸುದ್ದಿ. ಗೊಲ್ಲಾಳಮ್ಮನ ಕೋಳಿ ಮಲ್ಲಾಬಾಯಿಯ ಹಿತ್ತಲಿಗೆ ಹೋಗಿ, ಒಣಗಲು ಹಾಕಿದ ಕಾಳನ್ನೆಲ್ಲ ಕೆದರಿತು. ಮಲ್ಲಾಬಾಯಿ ಕೋಳಿಯನ್ನು ಹಿಡಿದು ಬುಟ್ಟಿಯ ಕೆಳಗೆ ಮುಚ್ಚಿಟ್ಟಳು. ಅಲ್ಲಿಂದ ಇಲ್ಲಿಯತನಕ ಇಬ್ಬರೂ ಒಂದೇ ಪ್ರಾರ್ಥನಾಲಯದಲ್ಲಿ ಬೆನ್ನು ತಿರುಗಿಸಿ ಕೂತು ಹಾಡುತ್ತಿದ್ದಾರೆ. ಗೊಲ್ಲಾಳಮ್ಮ ಈಗ ಹಿಡಿಜೋಳವನ್ನೂ ಮಲ್ಲಾಬಾಯಿ ಹಾಕುವ ಮಡಕೆಗೆ ಹಾಕುವುದಿಲ್ಲವಂತೆ, ಬೇರೆ ಮಡಕೆ ಬೇಕಂತೆ. ಅಡಿಗೆಗೆ ಮುಂಚೆ ದೇವರ ಪಾಲೆಂದು ಒಂದು ಹಿಡಿ ತೆಗೆದಿಡುವ ಜೋಳ ಯಾವ ಮಡಕೆಯದಾದರೇನು? ಅದು ಹೋಗುವುದು ಯಾದಗಿರಿಯ ಅನಾಥ ಮಕ್ಕಳ ಹೊಟ್ಟೆಗೆ.

ಇನ್ನು ನಿನ್ನ ಪತ್ರ. 'ಅವ್ವಾ, ಈ ಸಲ ಕೈ ಕೂಡಿಸುವ ಶನಿವಾರ ಖಂಡಪ್ಪ ಮಾವನ ಕೈ ಹಿಡಿದುಬಿಡು. ಅಪ್ಪನ ವಿಷಯ ಮುಗಿದು ಹೋದದ್ದು. ನ್ಯಾಯ ದೇವರದು, ದೇವರಿಗೆ ಬಿಡು' ಎಂದು ಬರೆದಿದ್ದೀ. ಖಂಡಪ್ಪನ ಮಗಳು ಎಸ್ತೇರಳನ್ನು ನೀನು ಮೆಚ್ಚಿದ್ದೀ, ಅವಳೂ ನಿನ್ನನ್ನು ಮೆಚ್ಚಿದ್ದಾಳೆ. ಸಂತೋಷ. ಆ ಹುಡುಗಿಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ಆದರೆ ಮಗನೇ, ನನಗೆ ನ್ಯಾಯದ ಪಾಠ ಹೇಳುವಷ್ಟು ದೊಡ್ಡವನು ನೀನಿನ್ನೂ ಆಗಿಲ್ಲ.

ಮೊನ್ನೆ ಪಾದ್ರಿ ನತಾನಿಯೇಲಯ್ಯನವರೂ ಯಾದಗಿರಿಯಿಂದ ಬಂದಿದ್ದರು. ಒಳ್ಳೆಯ ಮನುಷ್ಯ. ಕಂಬಳಿ ಹಾಸಿದೆ, ನೀರು ಕೊಟ್ಟೆ. ಅವರು ಗಂಟಲು ಸರಿಮಾಡಿಕೊಂಡು ಮಾತು ತೆಗೆದರು.

"ಮಾನಮ್ಮಾ, ಈಸ್ಟರ್ ಹಬ್ಬ ಆದ ಮ್ಯಾಲ ಹುಡುಗರ ಮದುವಿ ಪ್ರಕಟಣಿ ಓದಬೇಕಂತ ಮಾಡೀನಿ. ಬೀಗರು ಬೀಗರು ಕೈ ಕೂಡಿಸಲಾರದ ಮನಿಗಿ ನಾ ಹ್ಯಾಂಗ ಓದ್ಲಿ? ಈ ಶನಿವಾರ ನೀ ಬರಬೇಕು."

ನಿನಗೆ ಗೊತ್ತು, ಈ ಪದ್ಧತಿ ನಮ್ಮ ಸಭೆ ಹುಟ್ಟಿದಾಗಿನಿಂದ ಇದೆ. ಕರ್ತನ ಭೋಜನದ ಹಿಂದಿನ ದಿನ ಅಯ್ಯನವರು ಬೇವಿನ ಕಟ್ಟೆಯ ಮೇಲೆ ಕೂರುತ್ತಾರೆ. ಮನೆಮನೆಯವರೂ ಬಂದು, ಯಾರ ಮೇಲೆ ಏನು ಮನಸ್ತಾಪವಿದೆಯೋ ಹೇಳಬೇಕು. ಜಗಳವಾಡಿದವರು ಎಲ್ಲರ ಮುಂದೆ ಬಲಗೈ ಬಲಗೈ ಹಿಡಿದು 'ನನ್ನ ಮನಸ್ಸಿನ್ಯಾಗ ಏನೂ ಇಲ್ಲ' ಎನ್ನಬೇಕು. ಎನ್ನದವರಿಗೆ ಮರುದಿನ ಕರ್ತನ ರೊಟ್ಟಿಯೂ ಇಲ್ಲ, ದ್ರಾಕ್ಷಾರಸದ ಪಾತ್ರೆಯೂ ಇಲ್ಲ. ನಿನ್ನಪ್ಪ ತೀರಿದ ಮೇಲೆ ನಾನು ಆ ಶನಿವಾರಗಳಿಗೆ ಹೋಗಿಲ್ಲ. ಭಾನುವಾರ ಹಿಂದಿನ ಸಾಲಿನಲ್ಲಿ ಕೂತು, ಮೇಜಿನ ಮೇಲಿನ ಬಿಳಿ ಬಟ್ಟೆ ತೆಗೆಯುವ ಮುಂಚೆ ಎದ್ದು ಬರುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಅದು ಅನುಕೂಲವಾಗಿತ್ತು. ಈಗ ಮದುವೆ ಬಂತು, ಅನುಕೂಲ ತಪ್ಪಿತು.

ನಾನೆಂದೆ, "ಮೊದಲ ಖಂಡಪ್ಪಣ್ಣನ ಬಾಯಿ ಬಿಡಸ್ರಿ ಅಯ್ಯನವರ. ಆಮ್ಯಾಲ ನನ್ನ ಕೈ ಕೇಳ್ರಿ."

"ನ್ಯಾಯ ದೇವ್ರದವ್ವಾ. ನಮ್ದಲ್ಲ."

"ಹೌದ್ರಿ, ನ್ಯಾಯ ದೇವ್ರದು. ಸಾಕ್ಷಿ ಯಾರದು? ಸಾಕ್ಷಿ ಹೇಳಾಕೂ ದೇವ್ರೇ ಇಳದು ಬರಬೇಕೇನ್ರಿ?"

ಅಯ್ಯನವರು ನೀರಿನ ತಂಬಿಗೆ ಕೆಳಗಿಟ್ಟು ಎದ್ದರು. ಹೋಗುವಾಗ ಪ್ರಾರ್ಥನೆ ಮಾಡಲು ಮರೆತರು ಪಾಪ.

ಅವರು ಬಂದು ಹೋದದ್ದು ಕೇರಿಯಲ್ಲೆಲ್ಲ ಗೊತ್ತಾಯಿತು. ಸಂಜೆ ಎಸ್ತೇರ ಬಂದಳು. ಒಲೆಯ ಮುಂದೆ ಕೂತು ಹಿಟ್ಟು ನಾದಿಕೊಟ್ಟಳು, ಆಮೇಲೆ ಕೇಳಿದಳು: "ಅತ್ತಿ, ಮಾವ ಮಡ್ಡಿ ಮ್ಯಾಲಿಂದ ಬಿದ್ದು ಸತ್ತಾನಂತ ನಾ ಕೇಳೀನಿ. ಮತ್ತ ನಮ್ಮಪ್ಪನ ಮ್ಯಾಲ ನಿಮಗ ಯಾಕ ಸಿಟ್ಟು?" ಇಷ್ಟು ವರ್ಷ ಆ ಮಗುವಿಗೆ ಯಾರೂ ಹೇಳಿಲ್ಲ ನೋಡು. ನಾನು ಹೇಳಿದೆ. ಅವಳಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಹೇಳುತ್ತಾ ಇದ್ದರೆ ಮಾತ್ರ ನಿಜ ಬದುಕುತ್ತದೆ.

ಅದು ಬೇಸಿಗೆಯ ಒಂದು ಭಾನುವಾರ. ಊರೂರು ತಿರುಗುವ ತಾಲ್ಲೂಕಿನ ಸಾಹೇಬರ ದೌರೆ ನಮ್ಮೂರಿಗೆ ಬಂದಿತ್ತು. ಅವರ ಡೇರೆ, ಗೂಟ, ಹಾಸಿಗೆ, ಅಡಿಗೆಯ ಪಾತ್ರೆಗಳನ್ನು ಮುಂದಿನ ಊರಿಗೆ ಹೊತ್ತು ಹಾಕಲು ಪಾಟೀಲ ನಮ್ಮ ಕೇರಿಗೆ ಬಿಟ್ಟಿಯ ಕರೆ ಕಳಿಸಿದ. ಖಂಡಪ್ಪ ಹೋದ. ಇನ್ನೂ ಕೆಲವರು ಹೋದರು. ನಿನ್ನಪ್ಪ ಅಮರಪ್ಪ ಪ್ರಾರ್ಥನೆ ಮುಗಿಸಿಕೊಂಡು ಬಿಳಿ ಅಂಗಿಯಲ್ಲೇ ಚಾವಡಿಗೆ ಹೋಗಿ ನಿಂತ.

"ಇವತ್ತ ದೇವ್ರ ದಿನ ಅದರಿ. ನಾಳಿ ಮುಂಜಾನಿ ಕರೀರಿ, ಎರಡು ಪಟ್ಟು ಹೊರ್ತೀನಿ. ಇವತ್ತ ಹೊರಂಗಿಲ್ಲ."

ಪಾಟೀಲ ನಕ್ಕನಂತೆ. "ನಿನ್ನ ದೇವ್ರು ದಿನಾ ಲೆಕ್ಕ ಇಡ್ತಾನೇನಲೇ? ಹಂಗಾದ್ರ ಇವತ್ತಿಂದೂ ಬರಕೋ ಅನ್ನು" ಎಂದು ಅವನನ್ನು ಬಗ್ಗಿಸಿ, ಬೆನ್ನಿನ ಮೇಲೆ ಗುಂಡುಕಲ್ಲು ಹೇರಿಸಿದ. ಬಿಸಿಲು ಏರುವಾಗ ಹೇರಿದ ಕಲ್ಲನ್ನು ದೀಪ ಹಚ್ಚುವ ಹೊತ್ತಿಗೆ ಇಳಿಸಿದರು. ನಿನ್ನಪ್ಪ ನಡೆದುಕೊಂಡೇ ಮನೆಗೆ ಬಂದ. ಬಂದವನು ರಕ್ತ ಕಾರಿದ. ಬುಧವಾರ ಹೋಗಿಬಿಟ್ಟ.

ಮಿಷನ್ನಿನ ದೊರೆಯವರು ಮೇಲಿನವರಿಗೆ ಬರೆದದ್ದರಿಂದ ಪೊಲೀಸ್ ಅಮೀನ ವಿಚಾರಣೆಗೆ ಬಂದ. ಕಲ್ಲು ಹೇರುವಾಗ ಚಾವಡಿಯ ಅಂಗಳದಲ್ಲಿ ನಮ್ಮ ಕೇರಿಯವರು ಯಾರಿದ್ದರು ಎಂದು ಕೇಳಿದ. ಖಂಡಪ್ಪ ಇದ್ದ. ಸಭೆಯ ಹಿರಿಯ ಅವನು, ವೇದಪುಸ್ತಕ ಮುಟ್ಟಿಸಿ ಕೇಳಿದರು. "ಅಮರಪ್ಪ ಕಟ್ಟಿಗಿ ತರಾಕ ಹೋಗಿ ಮಡ್ಡಿ ಮ್ಯಾಲಿಂದ ಬಿದ್ದಾನ್ರಿ" ಎಂದ. ಅಮೀನ ಬರೆದುಕೊಂಡ, ಪಾಟೀಲನ ಮನೆಯಲ್ಲಿ ಉಂಡ, ಹೋದ. ಅಂದಿನಿಂದ ಖಂಡಪ್ಪನ ಮನೆಗೆ ಬಿಟ್ಟಿಯ ಕರೆ ಬಂದಿಲ್ಲ.

ಎಸ್ತೇರ ಅತ್ತಳು. ನಾನು ಅವಳಿಗೆ ಹೇಳಿದೆ, "ನಿಮ್ಮಪ್ಪ ಕೆಟ್ಟವ ಅಲ್ಲವ್ವಾ. ಅಂಜಿದವ. ಅಂಜಿಕಿ ಇಳದ ಮ್ಯಾಲಾದರೂ ಹೇಳಬೇಕಿತ್ತು." ಅವಳು ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು: "ಅಪ್ಪ ಹೇಳಲಿಲ್ಲಂದ್ರ ನಮ್ಮ ಮದುವಿ ಇಲ್ಲೇನ್ರಿ ಅತ್ತಿ?" ನಾನೆಂದೆ, ಮದುವೆಯನ್ನು ಹಿಡಿದುಕೊಂಡು ಕೂತವರು ಪಾದ್ರಿಗಳು, ನಾನಲ್ಲ. ನಾಳೆಯೇ ಮದುವೆಯಾದರೂ ಅರಿಸಿನ ನಾನೇ ಅರೆಯುತ್ತೇನೆ. ಕೊಡದಿರುವುದು ಒಂದು ಕೈ ಮಾತ್ರ. ಅದು ನನ್ನದು.

ಈಗ ನೀನು 'ಅವ್ವ ಸೇಡಿನವಳಾಗಿದ್ದಾಳೆ' ಎಂದುಕೊಳ್ಳುತ್ತೀಯ. ಕೇಳು. ನಿನ್ನಪ್ಪ ಸತ್ತ ಹೊಸತರಲ್ಲಿ ನನ್ನ ಹಳೆಯ ಗೆಳತಿ ಹಣಮಂತಮ್ಮ ಬಂದು ಕಿವಿಯಲ್ಲಿ ಹೇಳಿದಳು: "ಕರೆವ್ವನ ಗುಡಿ ಮುಂದ ಹಿಡಿಮಣ್ಣು ತೂರಿ ಬಾ. ವರ್ಷ ತುಂಬೂದ್ರಾಗ ಅವನ ಮನಿ ಮಣ್ಣಾಗ್ತದ." ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದಳು. ನಾನು ಹೇಳಿದೆ, "ನಮ್ಮ ದೇವ್ರು ಕೂಲಿಗಿ ಬರಂಗಿಲ್ಲಬೇ. ನಾ ಹೇಳಿದವರ ಮನಿ ಕೆಡವಾಕ ಅವ ನನ್ನ ಆಳಲ್ಲ." ಅವಳು ನಕ್ಕು, "ಹಂಗಾದ್ರ ಅಂಥಾ ದೇವ್ರು ಯಾಕ?" ಎಂದಳು. ಆ ಪ್ರಶ್ನೆ ನನ್ನಲ್ಲೇ ಬಹಳ ದಿನ ಉಳಿಯಿತು.

ಆಮೇಲೆ ಖಂಡಪ್ಪನ ಎಮ್ಮೆ ಸತ್ತಿತು. ನಮ್ಮ ಸಭೆಯವರೇ, ದಿನಾ ಹಾಡುವವರೇ, ಬಂದು 'ನೋಡಿದೇನು, ದೇವ್ರ ನ್ಯಾಯ' ಎಂದರು. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳಿದವನು ಖಂಡಪ್ಪ, ಎಮ್ಮೆ ಏನು ಮಾಡಿತ್ತು? ಮುಂದಿನ ವರ್ಷ ವಾಂತಿಭೇದಿ ಬಂದು ಅವನ ಕಿರಿಯ ಮಗ ಹೋದಾಗಲೂ ಅದೇ ಮಾತು ಕೇರಿಯಲ್ಲಿ ಗುಸುಗುಸು ಆಯಿತು. ಅವತ್ತು ನಾನು ಖಂಡಪ್ಪನ ಮನೆಗೆ ಹೋಗಿ ಆ ಕೂಸನ್ನು ತೊಳೆದೆ. ಅವನ ಹೆಂಡತಿಯ ತಲೆ ನನ್ನ ತೊಡೆಯ ಮೇಲಿತ್ತು. ಕೂಸನ್ನು ಕೊಂದು ದೊಡ್ಡವರ ಲೆಕ್ಕ ತೀರಿಸುವ ದೇವರಾದರೆ ಅವನಿಗೂ ಪಾಟೀಲನಿಗೂ ಏನು ಭೇದ? ಅಂಥವನಿಗಾಗಿ ನನ್ನ ತಂದೆ ಊರ ಬೈಗುಳ ತಿಂದು ದೀಕ್ಷಾಸ್ನಾನ ಮಾಡಿಸಿಕೊಳ್ಳಲಿಲ್ಲ.

ನನ್ನ ತಂದೆ ಯಾಕೆ ಮಾಡಿಸಿಕೊಂಡ ಗೊತ್ತೇನು? ಅನ್ನಕ್ಕೆ ಎನ್ನುತ್ತಾರೆ ಊರವರು. ಅನ್ನ ಎಲ್ಲಿತ್ತು, ಅದೇ ನುಚ್ಚು ಅದೇ ಅಂಬಲಿ. ಅವನು ಹೇಳುತ್ತಿದ್ದ: "ಚಾವಡಿಗಿ ಹೋದ್ರ ಮೊದಲ 'ಯಾವ ಕೇರ್‍ಯಾವ' ಅಂತ ಕೇಳ್ತಾರ, ಆಮ್ಯಾಲ ದೂರು ಕೇಳ್ತಾರ. ಈ ದೇವ್ರು ಮೊದಲ ದೂರು ಕೇಳ್ತಾನ." ಅಷ್ಟೇ ಅವನ ಧರ್ಮಶಾಸ್ತ್ರ. ನಾನು ಅದರಲ್ಲೇ ಬೆಳೆದೆ. ಜೋಳ ಕಡ ಕೊಡುವಾಗ ಸೇರನ್ನು ಗೋಪುರ ಮಾಡಿ ಅಳೆಯುತ್ತೇನೆ, ವಾಪಸು ಪಡೆಯುವಾಗ ಸಪಾಟಾಗಿ ಅಳೆಯಿಸಿಕೊಳ್ಳುತ್ತೇನೆ. ಹೊಲದಲ್ಲಿ ಗೌಡತಿ ಇಲ್ಲದಾಗಲೂ ಸಾಲು ಬಿಡದೆ ಕಳೆ ತೆಗೆಯುತ್ತೇನೆ. ಜೊತೆಯವರು 'ಯಾರು ನೋಡ್ತಾರ ಬಿಡಬೇ' ಎಂದು ಗೇಲಿ ಮಾಡುತ್ತಾರೆ. ನೋಡುವವನು ನೋಡುತ್ತಾನೆ ಎಂದು ನಂಬಿದವಳಿಗೆ ಕೆಲಸ ಸ್ವಲ್ಪ ಜಾಸ್ತಿಯೇ. ಆದರೆ ಒಂದು ಲಾಭವಿದೆ, ಬೇರೆ ಯಾರಿಗೂ ಅಂಜಬೇಕಾಗಿಲ್ಲ.

ನ್ಯಾಯ ದೇವರದು ಎಂದು ನನ್ನ ಹತ್ತಿರ ಹೇಳಲು ಬರುವವರೆಲ್ಲ ಅದನ್ನು ಕಾಳು ತುಂಬಿಡುವ ನೆಲದ ಹಗೇವು ಮುಚ್ಚುವ ಕಲ್ಲಿನಂತೆ ಬಳಸುತ್ತಾರೆ. ಒಳಗೆ ಹಾಕು, ಮುಚ್ಚು, ಮಣ್ಣು ಮೆತ್ತು. ನಾನು ಒಪ್ಪುವುದಿಲ್ಲ. ದೇವರು ನ್ಯಾಯವಂತ ಎಂದು ನಿಜವಾಗಿ ನಂಬಿದವಳು ಅವನ ಮುಂದೆ ನಿಂತು 'ನನ್ನ ಮನಸ್ಸಿನ್ಯಾಗ ಏನೂ ಇಲ್ಲ' ಎಂದು ಹೇಗೆ ಸುಳ್ಳು ಹೇಳಲಿ? ಖಂಡಪ್ಪ ವೇದ ಮುಟ್ಟಿ ಒಂದು ಸುಳ್ಳು ಹೇಳಿದ. ಈಗ ಅವನ ಕೈ ಮುಟ್ಟಿ ನಾನೊಂದು ಸುಳ್ಳು ಹೇಳಬೇಕೇ?

ಪತ್ರ ಒಯ್ಯಬೇಕಾದ ಖಾಜಾಹುಸೇನನ ಹತ್ತಿಗಾಡಿ ಹಬ್ಬದ ಮರುದಿನ ಯಾದಗಿರಿಗೆ ಹೊರಡುತ್ತದಂತೆ. ಭೀಮೆಯಲ್ಲಿ ನೀರು ಕಡಿಮೆ, ಗಾಡಿ ಸೀದಾ ದಾಟುತ್ತದೆ. ಆದ್ದರಿಂದ ಇಲ್ಲಿಗೆ ನಿಲ್ಲಿಸಿ, ಹಬ್ಬ ಕಳೆದ ಮೇಲೆ ಉಳಿದದ್ದನ್ನು ಬರೆಯುತ್ತೇನೆ.

ಏಪ್ರಿಲ್ 22, ಸೋಮವಾರ

ಮಗನೇ, ಹಬ್ಬ ಕಳೆಯಿತು. ನಾನು ಶನಿವಾರವೂ ಹೋದೆ, ಭಾನುವಾರವೂ ಹೋದೆ.

ಶನಿವಾರ ಬೇವಿನ ಕಟ್ಟೆಯ ಸುತ್ತ ಸಭೆಯವರೆಲ್ಲ ಕೂತಿದ್ದರು. ಮೊದಲ ಸರದಿ ಕೋಳಿಯದು. ಅಯ್ಯನವರು ಕೈ ಕೂಡಿಸಿರಿ ಎಂದಾಗ ಗೊಲ್ಲಾಳಮ್ಮ ಎದ್ದು ನಿಂತು, "ಕೈ ಕೊಡ್ತೀನ್ರಿ. ಆದ್ರ ಮೊದಲ ಬುಟ್ಟಿ ಎತ್ತಿ ನನ್ನ ಕೋಳಿ ಬಿಡಂತ ಹೇಳ್ರಿ" ಎಂದಳು. ಎಲ್ಲರೂ ನಕ್ಕರು, ಅಯ್ಯನವರೂ ನಕ್ಕರು. ಮಲ್ಲಾಬಾಯಿ ಎದ್ದು ಮನೆಗೆ ಹೋಗಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಕೊಟ್ಟಳು. ಆಮೇಲೆ ಇಬ್ಬರೂ ಕೈ ಹಿಡಿದರು. ಅಯ್ಯನವರು, "ನೋಡ್ರಿ, ಹಿಂಗ ಆಗಬೇಕು" ಎಂದು ಬಹಳ ಮೆಚ್ಚಿದರು.

ನನಗೂ ಅದೇ ಬೇಕಾಗಿದ್ದದ್ದು. ನನ್ನ ಹೆಸರು ಕರೆದಾಗ ಅದನ್ನೇ ಹೇಳಿದೆ. "ಕೋಳಿ ಬಿಟ್ಟ ಮ್ಯಾಲ ಕೈ ಕೂಡಸೀರಿ ಅಯ್ಯನವರ. ಕೋಳಿಗಿ ಇರೋ ನ್ಯಾಯ ನನ್ನ ಗಂಡಗ ಇಲ್ಲೇನ್ರಿ?"

ಈಗ ಯಾರೂ ನಗಲಿಲ್ಲ. ಖಂಡಪ್ಪ ಆಗಲೇ ಎದ್ದು ಬಲಗೈ ಮುಂದೆ ಮಾಡಿಕೊಂಡು ನಿಂತಿದ್ದ. ಮುದುಕನಾಗಿದ್ದಾನೆ. ಕರುಣೆ ಬಂತು, ಸುಳ್ಳು ಯಾಕೆ ಹೇಳಲಿ. ನಾನು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ.

"ತಂಗೀ, ಆಗಿದ್ದು ಆಗ್ಯಾದ. ದೇವ್ರು ನೋಡ್ಕೋತಾನ" ಎಂದ.

"ದೇವ್ರು ಅವತ್ತೂ ನೋಡ್ಯಾನ, ನೀನೂ ನೋಡಿದಿ. ದೇವ್ರು ಬಾಯಿ ಬಿಡಂಗಿಲ್ಲ. ನೀ ಬಿಡು."

ಅವನ ಕೈ ಕೆಳಗಿಳಿಯಿತು. ಅಯ್ಯನವರ ಮುಖ ಕೆಂಪಾಯಿತು. "ಹಂಗಾದ್ರ ನಾಳಿ ನೀ ಮೇಜಿನ ಹಂತ್ಯಾಕ ಬರಬ್ಯಾಡ ಮಾನಮ್ಮಾ. ನಿನಗ ಕೊಡಾಕ ಬರಂಗಿಲ್ಲ."

"ಕೊಡೂದು ಬಿಡೂದು ನಿಮ್ಮ ಕೈಯಾಗ ಅದರಿ. ಬರೂದು ನನ್ನ ಕಾಲಾಗ ಅದ."

ಭಾನುವಾರ ನಾನು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ನಿನ್ನಪ್ಪ ಸುರಪುರದಿಂದ ತಂದುಕೊಟ್ಟಿದ್ದ ಬಿಳಿ ಸೀರೆ ಉಟ್ಟು, ಹಿಂದಿನ ಸಾಲು ಬಿಟ್ಟು ಎಲ್ಲಕ್ಕೂ ಮುಂದೆ ಹೋಗಿ ಕೂತೆ. ಬಿಳಿ ಬಟ್ಟೆ ತೆಗೆದರು. ನಾನು ಎದ್ದು ಹೋಗಲಿಲ್ಲ. ಎಲ್ಲರ ಜೊತೆ ಮೇಜಿನ ಮುಂದೆ ಮೊಣಕಾಲೂರಿ ಎರಡೂ ಕೈ ಚಾಚಿದೆ. ಅಯ್ಯನವರು ರೊಟ್ಟಿ ಹಂಚುತ್ತಾ ಬಂದರು. ನನ್ನ ಮುಂದೆ ಅವರ ಬೆರಳು ನಿಂತಿತು. ಕೊಡುತ್ತಾರೇನೋ ಅನ್ನಿಸಿತು. ನಂತರ ಆ ಬೆರಳು ಪಕ್ಕದ ಗೊಲ್ಲಾಳಮ್ಮನ ಕಡೆ ಹೋಯಿತು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬರಿಗೈಯನ್ನು ಸಭೆಯೆಲ್ಲ ನೋಡಲಿ, ದೇವರೂ ನೋಡಲಿ ಎಂದು ಹಾಗೇ ಚಾಚಿಕೊಂಡಿದ್ದೆ. ಮೊಣಕಾಲು ಜೀವ ಹೋಗುವಷ್ಟು ನೋಯುತ್ತಿತ್ತು. ಅಳು ಬಂತು ಎಂದು ಬರೆಯಲು ನನಗೆ ನಾಚಿಕೆಯಿಲ್ಲ. ಆರು ವರ್ಷ ಆ ಒಂದು ತುಣುಕಿಗೆ ಹಸಿದಿದ್ದೇನೆ.

ಪಾತ್ರೆಯ ತಟ್ಟೆ ಹಿಡಿದು ಹಿಂದೆ ಬರುತ್ತಿದ್ದವನು ಖಂಡಪ್ಪ. ಹಿರಿಯನಲ್ಲವೇ. ಅವನು ನನ್ನ ಮುಂದೆ ಬಂದು ನಿಂತ. ದಾಟಿ ಹೋಗಬೇಕಿತ್ತು, ಹೋಗಲಾರದೆ ನಿಂತ. ನಾನು ತಲೆಯೆತ್ತಿ ಕೇಳಿದೆ, ಗಟ್ಟಿಯಾಗಿಯೇ ಕೇಳಿದೆ: "ಖಂಡಪ್ಪಣ್ಣಾ, ಅವತ್ತ ಚಾವಡ್ಯಾಗ ಏನ್ ನೋಡಿದಿ?"

ಅವನು ತಟ್ಟೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟು ಕೂಗಿದ. ಅವನು ಕೂಗಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. "ನಾ ಒಬ್ಬನ ಇದ್ದೆನೇನು ಅಲ್ಲಿ? ನಾ ಒಬ್ಬನ ನೋಡೀನೇನು? ಎಲ್ಲಾರೂ ನನ್ನ ಒಬ್ಬನ ಹಿಡ್ಕೊಂಡೀರಿ!"

ಅಯ್ಯನವರು ಗಡಿಬಿಡಿಯಲ್ಲಿ ಹಾಡು ಎತ್ತಿಕೊಂಡರು, ಅದೂ ಎಷ್ಟು ಮೇಲಿನ ಸ್ವರದಲ್ಲಿ ಎಂದರೆ ಎರಡನೆಯ ಸಾಲಿಗೆ ಯಾರಿಗೂ ಮುಟ್ಟಲಿಲ್ಲ, ಅವರಿಗೂ. ಖಂಡಪ್ಪ ಹೊರಗೆ ಹೋದ. ಎಸ್ತೇರ ತನ್ನ ಜಾಗದಿಂದ ಎದ್ದು ಬಂದು ನನ್ನ ತೋಳು ಹಿಡಿದು ಎಬ್ಬಿಸಿದಳು, ಮನೆಯತನಕ ಬಂದಳು. ಅವಳೂ ಅವತ್ತು ರೊಟ್ಟಿ ತೆಗೆದುಕೊಳ್ಳಲಿಲ್ಲ. ನಾನು ಬೈದೆ. "ನಿಮಗ ಇಲ್ಲದ್ದು ನನಗ ಯಾಕ್ರಿ ಅತ್ತಿ" ಎಂದಳು. ಮಗನೇ, ನೀನು ಒಳ್ಳೆಯ ಹುಡುಗಿಯನ್ನು ಮೆಚ್ಚಿದ್ದೀ.

ಮಾತು ಊರಲ್ಲಿ ಹರಡಿದೆ. ಕಲ್ಲು ಹೇರಿದ್ದನ್ನು ನೋಡಿದ್ದೇನೆ ಎಂದು ಅವನ ಬಾಯಿಂದಲೇ ಬಂದಂತಾಯಿತಲ್ಲ. ಪಾಟೀಲನ ಆಳು ನಿನ್ನೆ ಸಂಜೆ ಕೇರಿಯ ಬಾಯಿಗೆ ಬಂದು, "ಯಾರಿಗಿ ಹಳೇ ಮಾತು ನೆನಪಾಗಾಕತ್ಯಾದ?" ಎಂದು ಕೇಳಿ ಹೋದ. ನಾನು ಹೊರಗೆ ಬಂದು, "ನನಗ ಆಗ್ಯಾದ. ಮಾನಮ್ಮ ಅಂತ ಹೇಳು ಹೋಗು" ಎಂದೆ. ಕೊಲ್ಲುವವರು ಕೊಲ್ಲಲಿ. ನನ್ನ ಹತ್ತಿರ ಒಂದು ಹಾಳು ಮೊಣಕಾಲು ಬಿಟ್ಟರೆ ಕಸಿದುಕೊಳ್ಳುವಂಥದ್ದು ಏನೂ ಉಳಿದಿಲ್ಲ.

ಇವತ್ತು ಬೆಳಿಗ್ಗೆ ಖಂಡಪ್ಪ ನನ್ನ ಬಾಗಿಲಿಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಹೊಸ್ತಿಲ ಹೊರಗೇ ಕುಕ್ಕರಗಾಲಲ್ಲಿ ಕೂತ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎಂದು ಕಣ್ಣುಗಳೇ ಹೇಳುತ್ತಿದ್ದವು.

"ತಂಗೀ, ನಾ ಹೇಳ್ತೀನಿ. ಸಭಾದ ಮುಂದನೂ ಹೇಳ್ತೀನಿ, ದೊರಿ ಮುಂದನೂ ಹೇಳ್ತೀನಿ. ಆದ್ರ ಒಬ್ಬನ ಹೇಳಿದ್ರ 'ಮುದುಕಗ ತಲಿ ಕೆಟ್ಟದ' ಅಂತ ತಗದು ಹಾಕ್ತಾರ, ಪಾಟೀಲ ನನ್ನ ಮುಗಸ್ತಾನ. ನೋಡಿದ ಇನ್ನೊಬ್ಬ ಬಂದು ನನ್ನ ಬಾಜೂಕ ನಿಂದರಲಿ. ಅವತ್ತ ಹೇಳ್ತೀನಿ."

"ಯಾರು ಆ ಇನ್ನೊಬ್ಬ?" ಎಂದು ನಾನು ಕೇಳಲಿಲ್ಲ. ಅವನೂ ಹೆಸರು ಹೇಳಲಿಲ್ಲ. ಎದ್ದು ಹೋದ.

ಗಾಡಿ ಕಟ್ಟುತ್ತಿದ್ದಾರೆ, ಇನ್ನು ಮುಗಿಸುತ್ತೇನೆ. ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಬೇಡ. ನಿನ್ನನ್ನು ಪಾದ್ರಿಯ ಓದಿಗೆ ಕಳಿಸುವ ಮಾತು ನಡೆದಿದೆ ಎಂದು ಅಯ್ಯನವರು ಹೇಳಿದರು, ಸಂತೋಷವಾಯಿತು. ನಿನ್ನಪ್ಪನಿಗೂ ಅದೇ ಆಸೆ ಇತ್ತು. ನೀನು ಹೋಗುವ ದಾರಿಯಲ್ಲಿ ದೇವರು ಮುಂದೆ ಇರಲಿ, ಹಿಂದೆ ಇರಲಿ, ನೀನು ಅಂಜುವ ಕಡೆ ಪಕ್ಕದಲ್ಲಿರಲಿ. ನಿನ್ನ ಕೈ ಹಿಡಿದವಳು ನಗುತ್ತಾ ಬಾಳಲಿ.

ಇಂತು ನಿನ್ನ ಅವ್ವ,
ಮಾನಮ್ಮ

ಮತ್ತೆ: ಮೇಲಿನದನ್ನು ಮಡಚಿ ಖಾಜಾಹುಸೇನನ ಕೈಗೆ ಕೊಟ್ಟಿದ್ದೆ. ಅವನು ಎತ್ತು ಹೂಡುವಷ್ಟರಲ್ಲಿ ವಾಪಸು ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಇದನ್ನು ಬರೆಯದೆ ಕಳಿಸಿದರೆ ನಾನೂ ಮುಚ್ಚುವವರ ಜೊತೆಗೆ ಸೇರಿದಂತೆ.

ನಿನ್ನಪ್ಪ ಸಾಯುವ ಮುಂಚೆ ನನ್ನ ಕೈ ಹಿಡಿದು ಒಂದು ಮಾತು ಹೇಳಿದ. ಕಲ್ಲು ಹೊತ್ತು ಬಗ್ಗಿದವನಿಗೆ ಯಾರ ಮುಖವೂ ಕಾಣುವುದಿಲ್ಲವಂತೆ, ಕಾಲು ಮಾತ್ರ ಕಾಣುತ್ತವಂತೆ. ಪಾಟೀಲನ ಚಪ್ಪಲಿ ಕಂಡ, ಖಂಡಪ್ಪನ ಒಡೆದ ಹಿಮ್ಮಡಿ ಕಂಡ. ಚಾವಡಿಯ ಬಾಗಿಲ ಹತ್ತಿರ ಒಂದು ಜೊತೆ ಬೂಟು ಕಂಡವು. ನಮ್ಮ ಕೇರಿಯಲ್ಲಿ ಬೂಟು ಇದ್ದದ್ದು ಒಬ್ಬನಿಗೇ, ಮಿಷನ್ ಶಾಲೆಯಲ್ಲಿ ಓದಿ ರಜೆಗೆ ಬಂದಿದ್ದ ನಿನಗೆ. ಆ ಬೂಟು ಬಹಳ ಹೊತ್ತು ನಿಂತಿದ್ದವಂತೆ, ಆಮೇಲೆ ತಿರುಗಿದವಂತೆ. ನೀನು ಕತ್ತಲಾದ ಮೇಲೆ ಮನೆಗೆ ಬಂದು, 'ಯಾದಗಿರಿಗೆ ಹೋಗಿ ಈಗ ಬಂದೆ' ಎಂದೆ. ನಾನು ಹೂಂ ಅಂದೆ. ಅಮೀನ ಬಂದಾಗ ನಿನ್ನ ಬಾಯಿ ನೋಡಿದೆ. ನೀನು ಗೋಡೆ ನೋಡುತ್ತಿದ್ದೆ. ಹದಿನೆಂಟು ತುಂಬಿತ್ತು ನಿನಗೆ, ಕೂಸಲ್ಲ.

ಖಂಡಪ್ಪನ ಸುಳ್ಳು ನನ್ನನ್ನು ಸುಟ್ಟಿತು ನಿಜ. ಆದರೆ ಅದು ಹೊರಗಿನ ಬೆಂಕಿ. ಒಳಗಿನದು ಇದು. 'ನ್ಯಾಯ ದೇವರಿಗೆ ಬಿಡು' ಎಂದು ಪಾದ್ರಿ ಹೇಳಿದರೆ ತಡೆದುಕೊಳ್ಳುತ್ತೇನೆ, ಅವರು ನೋಡಿದವರಲ್ಲ. ಅದನ್ನೇ ನೀನು ಬರೆದೆಯಲ್ಲ, ಅದನ್ನು ಹೇಗೆ ತಡೆದುಕೊಳ್ಳಲಿ?

'ಹುಡುಗಗ ಏನೂ ಕೇಳಬ್ಯಾಡ. ತಾನ ಹೇಳ್ತಾನ' ಎಂದು ನಿನ್ನಪ್ಪ ಕೊನೆಗೆ ಹೇಳಿದ್ದ. ಅವನ ಮಾತಿಗೆ ಕಟ್ಟುಬಿದ್ದು ಇಷ್ಟು ವರ್ಷ ಕೇಳಲಿಲ್ಲ. ಇವತ್ತು ಅವನ ಮಾತು ಮೀರುತ್ತಿದ್ದೇನೆ. ಸಮುವೇಲ, ಅವತ್ತು ಚಾವಡಿಯಲ್ಲಿ ಏನು ನೋಡಿದೆ?